ನಾರಿಕೇಳಪಾಕ

(ಬಾನುಲಿ ಭಾಷಣ)

ಬಣ್ಣವನ್ನು ಕುರಿತು ಬಾನುಲಿಯಲ್ಲಿ ಮಾತನಾಡಲು ಹೊರಡುವುದು ಸ್ವಲ್ಪ ಅಧಿಕಪ್ರಸಂಗವೇ ಸರಿ. ನನ್ನ ಮುಂದೆ ಮೇಜಿನ ಮೇಲಿರುವ ವಸ್ತು ನಿಮಗೆ ಕಾಣದು. ಅದನ್ನು ನನ್ನ ಮಾತೇ ತೋರಿಸಬೇಕು. ಆದರೂ ಧೈರ್ಯ ಮಾಡಿದ್ದೇನೆ. ಏಕೆಂದರೆ ನಾನು ಹೇಳಬೇಕೆಂದಿರುವುದು ಬಣ್ಣಕ್ಕಿಂತ ಹೆಚ್ಚಾಗಿ ಬಣ್ಣದ ಹದವನ್ನು ಕುರಿತು. ಹದವೆಂಬುದು ಕಣ್ಣಿಗಿಂತ ಮೊದಲು ಕೈಗೆ ತಿಳಿಯುವಂಥದು.

ನಮ್ಮ ತಾಯಿಯವರ ಬಳಿ ಚನ್ನಪಟ್ಟಣದ ಒಂದು ಕುಂಕುಮದ ಭರಣಿಯಿತ್ತು. ಹಿಡಿಯಲ್ಲಿ ಅಡಗುವಷ್ಟು ಗಾತ್ರ; ಕೆಂಪು ಮೈ, ಕುತ್ತಿಗೆಯ ಸುತ್ತ ಹಳದಿಯ ಎರಡು ಗೆರೆ. ಎಂಟೊಂಬತ್ತು ವರ್ಷದವನಿದ್ದಾಗ ನಾನು ಒಂದು ದಿನ ಅದರ ಅಂಚನ್ನು ಉಗುರಿನಿಂದ ಕೆರೆದೆ. ಕೆಂಪಿನ ಚಕ್ಕೆಯೊಂದು ಎದ್ದುಬಂತು. ಅದರ ಅಡಿಯಲ್ಲಿ ಹಳದಿ ಕಂಡಿತು. ಹಳದಿಯನ್ನೂ ಕೆರೆದೆ, ಹಾಲಿನಂಥ ಬಿಳಿಯ ಮರ ಕಂಡಿತು. ಅಷ್ಟರಲ್ಲಿ ತಾಯಿ ನೋಡಿಬಿಟ್ಟರು. “ಉಗುರು ಹಾಕಬೇಡ ಕಣೋ. ಹೋದ ಬಣ್ಣ ಮತ್ತೆ ಬರುತ್ತದೆಯೇ?” ಎಂದರು. ಆ ಪ್ರಶ್ನೆಗೆ ಉತ್ತರ ತಿಳಿಯಲು ನನಗೆ ಅರುವತ್ತು ವರ್ಷ ಬೇಕಾಯಿತು.

ನಾನು ತುರುವೇಕೆರೆ ತಾಲ್ಲೂಕಿನ ಒಂದು ಹಳ್ಳಿಯವನು. ಬಹುಕಾಲ ಮೇಷ್ಟರ ಕೆಲಸ ಮಾಡಿ, ಈಗ ನಿವೃತ್ತನಾಗಿ ತೋಟದ ಮನೆಯಲ್ಲಿದ್ದೇನೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಎಂದರೆ ತೆಂಗು ಎಂದೇ ಅರ್ಥ. ಬೇರೆ ಸೀಮೆಗಳಲ್ಲಿ ಕಾಯನ್ನು ಒಡೆದು ಹೋಳು ಮಾಡಿ ಒಣಗಿಸಿ ಎಣ್ಣೆಯ ಕೊಬ್ಬರಿ ಮಾಡುತ್ತಾರೆ. ನಮ್ಮಲ್ಲಿ ಹಾಗಲ್ಲ. ಬಲಿತ ಕಾಯನ್ನು ಇಡಿಯಾಗಿ ಅಟ್ಟಕ್ಕೇರಿಸಿ ಹತ್ತು ಹನ್ನೊಂದು ತಿಂಗಳು ಅದರ ಪಾಡಿಗೆ ಬಿಟ್ಟುಬಿಡುತ್ತೇವೆ. ಒಳಗಿನ ನೀರು ತಾನಾಗಿ ಇಂಗುತ್ತದೆ. ತಿರುಳು ಚಿಪ್ಪಿನಿಂದ ಬಿಡಿಸಿಕೊಳ್ಳುತ್ತದೆ. ಕಾಯನ್ನು ಕಿವಿಯ ಬಳಿ ಅಲ್ಲಾಡಿಸಿದರೆ ಗುಡುಗುಡು ಎನ್ನುತ್ತದೆ. ಆಗ ಸಿಪ್ಪೆ ಸುಲಿದು ಚಿಪ್ಪು ಒಡೆದರೆ ಉಂಡೆ ಕೊಬ್ಬರಿ, ನಮ್ಮವರ ಮಾತಿನಲ್ಲಿ ಗಿಟುಕು. ಗಿಟುಕು ತಿಪಟೂರಿನ ಮಾರುಕಟ್ಟೆಗೆ ಹೋಗಿ, ಅಲ್ಲಿಂದ ಉತ್ತರ ಹಿಂದೂಸ್ಥಾನದ ಪೇಟೆಗಳನ್ನು ಸೇರುತ್ತದೆ. ನಾರು ಹಗ್ಗವಾಗುತ್ತದೆ. ಚಿಪ್ಪು ಒಲೆಗೆ ಹೋಗುತ್ತದೆ, ಇಲ್ಲವೆ ನೀರನ್ನೂ ಗಾಳಿಯನ್ನೂ ಶುದ್ಧಿಮಾಡುವ ಇದ್ದಿಲಾಗುತ್ತದೆ. ಎಲ್ಲವನ್ನೂ ಕಳೆದುಕೊಂಡವನನ್ನು ಕುರಿತು ‘ಕೈಗೆ ಚಿಪ್ಪು ಬಂತು’ ಎನ್ನುತ್ತೇವೆ. ನನ್ನ ಕೈಗೂ ಚಿಪ್ಪು ಬಂದದ್ದರಿಂದಲೇ ಈ ಮಾತು ಹುಟ್ಟಿತು.

ನನ್ನ ತಂಗಿ ಹುಟ್ಟಿದ ವರ್ಷ ತಾಯಿಯವರು ಬಚ್ಚಲಿನ ಹಿಂದೆ ಒಂದು ತೆಂಗಿನ ಸಸಿ ನೆಟ್ಟಿದ್ದರು. ಮನೆಯವರೆಲ್ಲರೂ ಅದನ್ನು ತಂಗಿಯ ಮರವೆಂದೇ ಕರೆಯುತ್ತಿದ್ದೆವು. ತಂಗಿ ಚಿಕ್ಕನಾಯಕನಹಳ್ಳಿಯ ಕಡೆಗೆ ಮದುವೆಯಾಗಿ ಹೋದಳು. ತಾಯಿ ತೀರಿಕೊಂಡರು. ಮರ ಮಾತ್ರ ಬಚ್ಚಲ ನೀರು ಕುಡಿಯುತ್ತ ನಿಂತಿತ್ತು. ಕೆಲವು ವರ್ಷಗಳ ಹಿಂದೆ ಅದರ ಬುಡದಲ್ಲಿ ಕಂದುಗೆಂಪಿನ ರಸ ಜಿನುಗತೊಡಗಿತು. ಕೆಳಗಿನ ಗರಿಗಳು ಜೋತುಬಿದ್ದುವು. ಮಳೆ ಹಿಡಿದಾಗ ಬುಡದಲ್ಲಿ ಅಣಬೆ ಎದ್ದಿತು. ನಮ್ಮ ರೈತರು ಬಹಳ ಅಂಜುವ ಅಣಬೆ ರೋಗ ಅದು. ಬೇರಿನಿಂದ ಬೇರಿಗೆ ಹರಿಯುತ್ತದೆ. ರೋಗ ಬಲಿತ ಮರವನ್ನು ಬೇರುಸಹಿತ ತೆಗೆದು ಸುಟ್ಟು, ಪಕ್ಕದ ಮರಗಳಿಗೆ ತಗುಲದಂತೆ ಕಂದಕ ತೋಡಬೇಕೆಂದು ಬಲ್ಲವರು ಹೇಳಿದರು. ನಾನು ಹಾಗೆಯೇ ಮಾಡಿದೆ. ತಂಗಿಗೆ ತಿಳಿಸಲಿಲ್ಲ.

“ಒಂದು ಮಾತು ಹೇಳಬಾರದಿತ್ತೇನಣ್ಣ?” ಅವಳು ಕೇಳಿದ್ದು ಇಷ್ಟೇ. ರೋಗದ ವಿವರವನ್ನೆಲ್ಲ ನಾನು ಮೇಷ್ಟರ ಧಾಟಿಯಲ್ಲಿ ಹೇಳಿದೆ. ಅವಳು ಸುಮ್ಮನೆ ಕೇಳಿಸಿಕೊಂಡಳು. ಆಮೇಲೆ ಎರಡು ಗೌರಿ ಹಬ್ಬಗಳಿಗೆ ತವರಿಗೆ ಬರಲಿಲ್ಲ. ನಾನು ಕಳುಹಿಸಿದ ಬಾಗಿನವನ್ನು ಮಾತ್ರ ಇಟ್ಟುಕೊಂಡಳು.

ಮರ ಕಡಿಯುವ ಮುಂಚೆ ಇಳಿಸಿದ ಕೊನೆಯ ಗೊನೆಯಲ್ಲಿ ಏಳು ಕಾಯಿಗಳು ಬಲಿತಿದ್ದುವು. ಅವನ್ನು ಅಟ್ಟದ ಮೂಲೆಯಲ್ಲಿ ಬೇರೆಯಾಗಿಟ್ಟಿದ್ದೆ. ಮರುವರ್ಷ ಒಡೆದಾಗ ಗಿಟುಕು ಸಣ್ಣವಾಗಿದ್ದುವು. ಚಿಪ್ಪು ಮಾತ್ರ ಕಬ್ಬಿಣದಂತಿತ್ತು. ಆ ಏಳು ಚಿಪ್ಪುಗಳನ್ನು ಒಲೆಗೆ ಹಾಕಲು ಮನಸ್ಸು ಬರಲಿಲ್ಲ. ಇವುಗಳಿಂದ ತಂಗಿಗೊಂದು ಕುಂಕುಮದ ಭರಣಿ ಕಡೆಸಿಕೊಡಬಾರದೇಕೆ ಎಂದು ತೋಚಿತು.

ಕಡಸಲಿನ ಕೆಲಸ ನಮ್ಮ ಸೀಮೆಗೆ ಅಪರಿಚಿತವಲ್ಲ. ಹೊಯ್ಸಳರ ಕಾಲದ ಗುಡಿಗಳಲ್ಲಿ ಉಂಗುರ ಉಂಗುರವಾಗಿ ನುಣ್ಣಗೆ ನಿಂತ ಕಂಬಗಳನ್ನು ನೋಡಿದವರಿಗೆ, ನಮ್ಮ ಹಿಂದಿನವರು ಬಳಪದ ಕಲ್ಲನ್ನೂ ತಿರುಗಿಸಿ ಕಡೆದರೆಂಬುದು ಗೊತ್ತು. ಆದರೆ ಚಿಪ್ಪನ್ನು ಕಡೆಯುವುದು ಹೇಗೆ? ಅದರ ದಪ್ಪ ನಾಲ್ಕೈದು ಮಿಲಿಮೀಟರ್. ಉಳಿ ತಾಗಿಸಿದರೆ ಸಿಡಿದು ಹೋಗುತ್ತದೆ. ಚೀಲದಲ್ಲಿ ಒಂದು ಚಿಪ್ಪು ಹಾಕಿಕೊಂಡು, ಕುಣಿಗಲ್, ಹುಲಿಯೂರುದುರ್ಗಗಳ ಮಾರ್ಗವಾಗಿ ಚನ್ನಪಟ್ಟಣಕ್ಕೆ ಹೋದೆ.

ಚನ್ನಪಟ್ಟಣದ ಬೊಂಬೆಗಳನ್ನು ಅರಿಯದ ಕನ್ನಡಿಗರಿಲ್ಲ. ಟಿಪ್ಪು ಸುಲ್ತಾನನ ಕಾಲದಲ್ಲಿ ಪರ್ಷಿಯದ ಕುಶಲಿಗಳಿಂದ ಈ ವಿದ್ಯೆ ಬಂತೆಂದು ಅಲ್ಲಿ ಹೇಳುತ್ತಾರೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಜಪಾನಿನ ವಿಧಾನಗಳನ್ನು ಕಲಿತುಬಂದ ಬಾವಾಸ್ ಮಿಯಾನರನ್ನು ಇಂದಿಗೂ ನೆನೆಯುತ್ತಾರೆ. 2005-06ರ ಸಾಲಿನಲ್ಲಿ ಈ ಬೊಂಬೆಗಳಿಗೆ ಭೌಗೋಳಿಕ ಸೂಚಿಕೆಯ ಮನ್ನಣೆಯೂ ದೊರೆಯಿತು. ಆದರೆ ಇತಿಹಾಸವನ್ನು ನಾನು ಓದಿ ತಿಳಿದಿದ್ದೆ. ತಿಳಿಯದೆ ಇದ್ದುದು ಬಣ್ಣ ಹಚ್ಚುವ ಬಗೆ.

ಅಲ್ಲಿ ಬಣ್ಣಕ್ಕೆ ಕುಂಚವಿಲ್ಲ. ಬಣ್ಣವೆಂದರೆ ಅರಗು. ಮುತ್ತುಗ, ಎಲಚಿ, ನಮ್ಮ ಮೈಸೂರು ಸೀಮೆಯ ಕಾಡುಗಳಲ್ಲಿ ಜಾಲಾರಿ, ಇಂಥ ಮರಗಳ ಎಳೆಯ ಕೊಂಬೆಗಳಲ್ಲಿ ನೆಲಸಿ ರಸ ಹೀರುವ ಸಣ್ಣ ಕೀಟಗಳು ತಮ್ಮ ಮೈಗೆ ಕವಚವಾಗಿ ಸುರಿಸುವ ರಾಳವೇ ಅರಗು. ಪಾಂಡವರನ್ನು ಸುಡಲೆಂದು ಕಟ್ಟಿದ ಮನೆಯ ಕಥೆಯಿಂದ ನಮಗೆ ಅದು ಚಿರಪರಿಚಿತ. ಅರಗನ್ನು ಕೆಂಡದ ಮೇಲೆ ಮೆದುಮಾಡಿ, ಬಣ್ಣದ ಪುಡಿ ಸೇರಿಸಿ, ಎಳೆದು, ಮಡಿಸಿ, ಬಡಿದು, ಮತ್ತೆ ಎಳೆದು ಕಡ್ಡಿಗಳಾಗಿ ಮಾಡುತ್ತಾರೆ. ಆಲೆ ಮರದ ತುಂಡು ಯಂತ್ರದಲ್ಲಿ ಗಿರ್ರನೆ ತಿರುಗುತ್ತಿರುವಾಗ ಅರಗಿನ ಕಡ್ಡಿಯನ್ನು ಅದಕ್ಕೆ ಒತ್ತುತ್ತಾರೆ. ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಮೇಲೆ ಒಣಗಿದ ತಾಳೆಗರಿಯನ್ನು ಹಿಡಿದರೆ ಬಣ್ಣ ಸಮನಾಗಿ ಹರಡಿ ಕನ್ನಡಿಯಂತಾಗುತ್ತದೆ. ಕಡ್ಡಿಯನ್ನು ಒತ್ತಿ ಹಿಡಿದರೆ ತುಂಬು ಬಣ್ಣ. ಅಂಚಿನಿಂದ ಮುಟ್ಟಿಸಿದರೆ ಒಂದು ಗೆರೆ. ಮುಟ್ಟಿಸಿ ಬಿಟ್ಟು, ಮುಟ್ಟಿಸಿ ಬಿಟ್ಟು ಮಾಡಿದರೆ ಚುಕ್ಕೆಗಳ ಸಾಲು. ಗುಜರಾತಿನ ಕಚ್ ಸೀಮೆಯಲ್ಲಿ ವಾಢಾ ಜನರು ಕೈಯಿಂದ ತಿರುಗಿಸುವ ಸಾಧನದಲ್ಲೇ ಹಲವು ಬಣ್ಣಗಳ ಅರಗನ್ನು ಒಂದರೊಳಗೊಂದು ಎಳೆದು ಅಲೆಯಲೆಯಾದ ಚಿತ್ರ ಬರಿಸುತ್ತಾರೆ.

ನಾನು ಕಂಡ ವೃದ್ಧ ಕುಶಲಿಯೊಬ್ಬರು ಮಾತನಾಡುತ್ತಲೇ ಒಂದು ಹಸುರು ಪಟ್ಟಿಯನ್ನು ತಪ್ಪಿದ ಜಾಗದಲ್ಲಿ ಹಚ್ಚಿದರು. ಬೇಸರಪಟ್ಟುಕೊಳ್ಳಲಿಲ್ಲ. ಉಳಿಯ ತುದಿಯಿಂದ ಅದನ್ನು ಕೆರೆದು ತೆಗೆದು, ಮತ್ತೆ ಕಡ್ಡಿ ಹಿಡಿದರು. “ಅರಗು ಒಳ್ಳೇದು, ಮೇಷ್ಟ್ರೇ. ಬಿಸಿ ಕಂಡರೆ ಇನ್ನೊಂದು ಸಲ ಮಾತು ಕೇಳುತ್ತೆ” ಎಂದರು. ತಾಯಿಯವರ ಪ್ರಶ್ನೆಗೆ ಉತ್ತರ ಅಲ್ಲಿ ಸಿಕ್ಕಿತು. ಹೋದ ಬಣ್ಣ ಮತ್ತೆ ಬರುತ್ತಿತ್ತು. ನಮಗೆ ತಿಳಿದಿರಲಿಲ್ಲ, ಅಷ್ಟೆ.

ನನ್ನ ಚಿಪ್ಪನ್ನು ಅವರು ಬೆಳಕಿಗೆ ಹಿಡಿದು, ಉಗುರಿನಿಂದ ತಟ್ಟಿ ನೋಡಿದರು. “ಒಣಗಿದ್ದು ಚೆನ್ನಾಗಿದೆ. ಆದರೆ ಇದಕ್ಕೆ ಮೈ ಇಲ್ಲ. ಮೈ ಕೊಟ್ಟು ತನ್ನಿ, ಕಡೆದುಕೊಡುತ್ತೇನೆ” ಎಂದರು.

ಮೈ ಕೊಡುವ ವಿದ್ಯೆ ನನ್ನ ಮೊಮ್ಮಗಳಿಗೆ ಗೊತ್ತಿತ್ತು. ಬೆಂಗಳೂರಿನಲ್ಲಿ ಓದುತ್ತಿರುವ ಆಕೆ ಬಿಡುವಿನಲ್ಲಿ ಕೃತಕ ರಾಳದ ಅಚ್ಚು ಹೊಯ್ದು ಲೇಖನಿಗಳನ್ನು ಕಡೆಯುತ್ತಾಳೆ. ಇದು ಎರಡು ದ್ರವಗಳ ವ್ಯವಹಾರ. ಒಂದು ರಾಳ, ಇನ್ನೊಂದು ಅದನ್ನು ಗಟ್ಟಿಮಾಡುವ ದ್ರವ. ಎರಡನ್ನೂ ಹೇಳಿದ ಪ್ರಮಾಣದಲ್ಲಿ ತೂಗಿ ಬೆರೆಸಿದರೆ ಅವು ಒಳಗೊಳಗೇ ಕೂಡಿಕೊಂಡು, ಬಿಸಿಯೇರಿ, ಜೇನಾಗಿ, ಬೆಲ್ಲವಾಗಿ, ಕೊನೆಗೆ ಕಲ್ಲಾಗುತ್ತವೆ. ಲಿಯೊ ಬೇಕೆಲೆಂಡ್ 1907ರಲ್ಲಿ ತಯಾರಿಸಿದ ಬೇಕಲೈಟು ಇಂಥ ವಸ್ತುಗಳಲ್ಲಿ ಮೊದಲನೆಯದು. ಹಳೆಯ ರೇಡಿಯೋ ಪೆಟ್ಟಿಗೆಗಳಲ್ಲಿ, ಕರಿಯ ವಿದ್ಯುತ್ ಗುಂಡಿಗಳಲ್ಲಿ ನಾವು ಅದನ್ನು ಕಂಡಿದ್ದೇವೆ. ಮೊಮ್ಮಗಳು ಬಳಸುವುದು ಎಪಾಕ್ಸಿ ಎಂಬ ರಾಳ. ಅರಗಿಗೂ ಇದಕ್ಕೂ ಇರುವ ದೊಡ್ಡ ಭೇದವನ್ನು ಆಕೆ ಮೊದಲೇ ಹೇಳಿದಳು: “ಇದು ಒಂದು ಸಲ ಗಟ್ಟಿಯಾದರೆ ಮುಗಿಯಿತು, ತಾತ. ಮತ್ತೆ ಎಷ್ಟು ಕಾಯಿಸಿದರೂ ಕರಗುವುದಿಲ್ಲ; ಸುಟ್ಟುಹೋಗುತ್ತದೆ.”

ನನ್ನ ಬಳಿ ಏಳು ಚಿಪ್ಪು. ರಾಳಕ್ಕೆ ಎರಡನೆಯ ಅವಕಾಶವಿಲ್ಲ. ಈ ಎರಡು ಮಾತುಗಳನ್ನೂ ಒಟ್ಟಿಗೆ ಯೋಚಿಸಬೇಕಾಗಿತ್ತು. ನಾನು ಯೋಚಿಸಲಿಲ್ಲ.

ಬಣ್ಣ ಯಾವುದೆಂಬುದನ್ನು ಮಾತ್ರ ನಿಶ್ಚಯಿಸಿದ್ದೆ. ಚಿಕ್ಕನಾಯಕನಹಳ್ಳಿಯ ಬೆಟ್ಟಸಾಲಿನಲ್ಲಿ ಕಬ್ಬಿಣದ, ಮ್ಯಾಂಗನೀಸಿನ ಅದಿರುಂಟು. ಅಲ್ಲಿಯ ಮಣ್ಣಿನ ಕೆಂಪೇ ಬೇರೆ. ಸೋದರಳಿಯನಿಗೆ ಕಾರಣ ಹೇಳದೆ ಒಂದು ಬಟ್ಟಲು ಕೆಮ್ಮಣ್ಣು ತರಿಸಿದೆ. ಅದನ್ನು ನೀರಿನಲ್ಲಿ ಕದಡಿ, ಮರಳು ತಳಕ್ಕಿಳಿದ ಮೇಲೆ ಮೇಲಿನ ಕೆಂಪು ನೀರನ್ನು ಬಸಿದು, ಇಂಗಿಸಿ, ಬಿಸಿಲಿನಲ್ಲಿ ಒಣಗಿಸಿ, ಅರೆದು, ವಸ್ತ್ರಗಾಳಿತ ಮಾಡಿದೆ. ಪೂರ್ತಿ ಒಣಗಿಸುವುದು ಮುಖ್ಯ. ಬಹುಪಾಲು ರಾಳಗಳಿಗೆ ತೇವವೇ ಶತ್ರು. ಇದರ ಜೊತೆಗೆ ಅಂಗಡಿಯಿಂದ ಬಿಳಿಯ ಬಣ್ಣ, ಸ್ವಲ್ಪ ಕಾಗೆಬಂಗಾರ. ಕಾಗೆಬಂಗಾರವೆಂದರೆ ಅಭ್ರಕ. ಈಗಿನ ಪುಡಿಗಳಲ್ಲಿ ಅಭ್ರಕದ ಕಿರುಹಾಳೆಗಳ ಮೇಲೆ ಟೈಟಾನಿಯಂ ಆಕ್ಸೈಡಿನ ಅತಿ ತೆಳುವಾದ ಲೇಪವಿರುತ್ತದೆ. ಆ ಲೇಪದ ದಪ್ಪ ಬದಲಾದಂತೆ ಹೊಳಪಿನ ಬಣ್ಣವೂ ಬದಲಾಗುತ್ತದೆ. ಹರಿಯುವ ರಾಳದಲ್ಲಿ ಈ ಹಾಳೆಗಳು ಹರಿವಿನ ದಿಕ್ಕಿಗೇ ಮಲಗುತ್ತವೆ, ಹೊಳೆಯ ನೀರಿನಲ್ಲಿ ಹುಲ್ಲು ಬಾಗುವಂತೆ. ರಾಳ ಗಟ್ಟಿಯಾದ ಮೇಲೆ ಅವು ಹಾಗೆಯೇ ನಿಂತುಬಿಡುತ್ತವೆ. ಆದ್ದರಿಂದ ಅಚ್ಚಿನಿಂದ ತೆಗೆದ ತುಂಡಿನಲ್ಲಿ ನಮಗೆ ಕಾಣುವ ಮಿನುಗು, ಆ ದ್ರವ ಹೇಗೆ ಹೇಗೆ ಹರಿಯಿತು ಎಂಬುದರ ದಾಖಲೆ.

ಮೊದಲನೆಯ ಸಲ ಮೂರು ಚಿಪ್ಪುಗಳನ್ನು ಒಡೆದು, ನಾರು ಕೆರೆದು, ಮೇಣ ಸವರಿದ ಕೊಳವೆಯ ಅಚ್ಚಿನಲ್ಲಿ ಚೂರುಗಳನ್ನು ಜೋಡಿಸಿದೆ. ರಾಳವನ್ನು ಬೆರೆಸಿ, ಎರಡು ಬಟ್ಟಲಿಗೆ ಹಂಚಿ, ಒಂದಕ್ಕೆ ಕೆಂಪು, ಇನ್ನೊಂದಕ್ಕೆ ಬಿಳಿ ಹಾಕಿ ಕಲಸಿದೆ. “ತಾತ, ಅವಸರ ಮಾಡಬೇಡಿ, ಇನ್ನೂ ನೀರಿನಂತಿದೆ” ಎಂದು ಮೊಮ್ಮಗಳು ಹೇಳುತ್ತಿದ್ದಂತೆಯೇ ಎರಡನ್ನೂ ಸುರಿದು, ಚೆನ್ನಾಗಿರಲೆಂದು ಕಡ್ಡಿಯಿಂದ ನಾಲ್ಕಾರು ಸುತ್ತು ತಿರುಗಿಸಿದೆ. ಮೊದಲು ಕಂಡ ಚಿತ್ರ ಅತ್ಯಂತ ಸುಂದರವಾಗಿತ್ತು. ಮರುದಿನ ತೆಗೆದು ನೋಡಿದರೆ ಮಳೆಗಾಲದ ಕೆರೆಯ ನೀರಿನ ಬಣ್ಣ. ಕಾಗೆಬಂಗಾರವೆಲ್ಲ ತಳ ಸೇರಿತ್ತು.

ಏಕೆ ಹೀಗಾಯಿತೆಂಬುದನ್ನು ಚಿರೋಟಿಯ ಲೆಕ್ಕದಿಂದ ತಿಳಿಯಬಹುದು. ಹಾಳೆಯನ್ನು ಒಂದು ಸಲ ಮಡಿಸಿದರೆ ಎರಡು ಪದರ, ಎರಡು ಸಲಕ್ಕೆ ನಾಲ್ಕು. ಹತ್ತು ಸಲ ಮಡಿಸಿ ಮಡಿಸಿ ಲಟ್ಟಿಸಿದರೆ 1,024 ಪದರ. ಒಂದು ಅಂಗುಲದ ಬಣ್ಣದ ಪಟ್ಟಿ ಆಗ ಕೂದಲಿಗಿಂತ ತೆಳುವಾಗಿರುತ್ತದೆ. ಕೆಂಪು ಕೆಂಪಾಗಿಯೇ, ಬಿಳಿ ಬಿಳಿಯಾಗಿಯೇ ಇದ್ದರೂ ನಮ್ಮ ಕಣ್ಣು ಅವನ್ನು ಬೇರ್ಪಡಿಸಲಾರದು, ರಾಡಿ ಎನ್ನುತ್ತದೆ. ರಾಳ ತೆಳುವಾಗಿದ್ದಷ್ಟೂ ನಮ್ಮ ಕೈ ನಿಂತ ಮೇಲೂ ಅದು ಒಳಗೆ ತಾನಾಗಿ ಮಡಿಸಿಕೊಳ್ಳುತ್ತಲೇ ಇರುತ್ತದೆ. ಬಣ್ಣದ ಚಿತ್ರ ಉಳಿಯಬೇಕಾದರೆ ಎರಡು ನಿಯಮ: ದ್ರವ ಮಂದವಾಗುವ ತನಕ ಕಾಯಬೇಕು, ಸುರಿದ ಮೇಲೆ ಕೈ ಕಟ್ಟಿ ಕೂರಬೇಕು.

ಎರಡನೆಯ ಸಲ ನಾನು ಕಾದೆ. ಆದರೆ ಮೂರ್ಖನಂತೆ ಕಾದೆ. ರಾಳವನ್ನು ಒಂದೇ ಆಳವಾದ ಲೋಟದಲ್ಲಿಟ್ಟು, ಮೊಮ್ಮಗಳು ಹೊರಗೆ ಹೋಗಿದ್ದಾಗ, ಪತ್ರಿಕೆ ಓದುತ್ತ ಕುಳಿತೆ. ಈ ರಾಳ ರಾಶಿಯಾಗಿದ್ದಷ್ಟೂ ಅದರ ಬಿಸಿ ಹೊರಗೆ ಹೋಗಲು ದಾರಿಯಿಲ್ಲ. ಬಿಸಿ ಹೆಚ್ಚಿದಷ್ಟೂ ಬೇಗ ಗಟ್ಟಿಯಾಗುತ್ತದೆ. ಬೇಗ ಗಟ್ಟಿಯಾದಷ್ಟೂ ಇನ್ನೂ ಬಿಸಿ. ಮಂದವಾಗಿದೆ ಎಂದುಕೊಂಡು ಎತ್ತಿ ಅರ್ಧ ಸುರಿಯುವಷ್ಟರಲ್ಲಿ ಲೋಟ ಕೈ ಸುಟ್ಟಿತು. ಉಳಿದರ್ಧ ಹೊಗೆಯಾಡುತ್ತ ಅಲ್ಲೇ ಹೆಪ್ಪಾಯಿತು. ಅಚ್ಚಿನೊಳಗೆ ಬಿದ್ದದ್ದು ಗಂಟುಗಂಟಾಗಿ, ಒಂದಕ್ಕೊಂದು ಅಂಟದೆ, ನಡುವೆ ಪೊಳ್ಳಾಗಿ ನಿಂತಿತು. ಮತ್ತೆರಡು ಚಿಪ್ಪು ಹೋದುವು. ಉಳಿದುವು ಎರಡು.

ಆ ರಾತ್ರಿ ನಿದ್ರೆ ಬರಲಿಲ್ಲ. ನಾನು ಕಡಿಸಿದ್ದು ಮರವನ್ನು ಒಂದು ಸಲ. ಅದರ ಚಿಪ್ಪುಗಳನ್ನು ಎರಡು ಸಲ ಹಾಳುಮಾಡಿದೆ ಎನಿಸಿತು. ಸಾಹಿತ್ಯದ ಮೇಷ್ಟರಾದವರಿಗೆ ಕಷ್ಟಕಾಲದಲ್ಲಿ ಪಾಠದ ಮಾತುಗಳೇ ನೆನಪಾಗುವುದು. ಪಾಕವೆಂಬ ಮಾತು ನೆನಪಾಯಿತು. ನಮ್ಮ ಆಲಂಕಾರಿಕರು ಕಾವ್ಯಕ್ಕೂ ಪಾಕವುಂಟೆಂದರು. ಬಾಯಲ್ಲಿಟ್ಟೊಡನೆ ರಸ ಸೂಸುವುದು ದ್ರಾಕ್ಷಾಪಾಕ. ಸಿಪ್ಪೆ ಸುಲಿದು ತಿನ್ನಬೇಕಾದ್ದು ಕದಳೀಪಾಕ. ನಾರನ್ನೂ ಚಿಪ್ಪನ್ನೂ ದಾಟಿ ಒಳಹೊಗಬೇಕಾದ್ದು ನಾರಿಕೇಳಪಾಕ. ಭಾರವಿಯ ಮಾತನ್ನು ವ್ಯಾಖ್ಯಾನಕಾರ ಮಲ್ಲಿನಾಥ ತೆಂಗಿನಕಾಯಿಗೇ ಹೋಲಿಸಿದ. ಇವೆಲ್ಲವನ್ನೂ ನಾನು ವರ್ಷವರ್ಷವೂ ಮಕ್ಕಳಿಗೆ ಹೇಳಿದ್ದೆ. ವಾಮನ ಶಬ್ದಪಾಕಕ್ಕೆ ಕೊಟ್ಟ ಲಕ್ಷಣವನ್ನೂ ಹೇಳಿದ್ದೆ: ಒಂದು ಪದವನ್ನು ತೆಗೆದು ಆ ಜಾಗದಲ್ಲಿ ಇನ್ನೊಂದನ್ನು ಇಡಲು ಸಾಧ್ಯವಾಗದ ಸ್ಥಿತಿ ಬಂದರೆ ಅದು ಪಾಕ. ಪರೀಕ್ಷೆಗೆ ಅಷ್ಟು ಸಾಕಾಗಿತ್ತು. ಆದರೆ ಆ ಸ್ಥಿತಿ ಬರುವ ಮುಂಚಿನ ಹೊತ್ತು ಎಂಥದೆಂದು ನಾನು ಯೋಚಿಸಿರಲಿಲ್ಲ. ಪದವನ್ನು ಇನ್ನೂ ಬದಲಿಸಬಹುದಾದ, ಆದರೆ ಬಹಳ ಹೊತ್ತು ಬದಲಿಸಲಾಗದ ಒಂದು ಗಳಿಗೆಯಿದೆ. ಕವಿ ಅಲ್ಲಿ ಎಚ್ಚರವಾಗಿರುತ್ತಾನೆ. ಒಬ್ಬಟ್ಟಿನ ಹೂರಣ ಕೆದಕುವ ಹೆಂಗಸೂ ಅಲ್ಲಿ ಎಚ್ಚರವಾಗಿರುತ್ತಾಳೆ. ನನ್ನ ತಾಯಿ ಬೆಲ್ಲದ ಪಾಕವನ್ನು ನೀರಿನ ಬಟ್ಟಲಿಗೆ ಒಂದು ತೊಟ್ಟು ಬಿಟ್ಟು, ಬೆರಳಲ್ಲಿ ಉರುಳಿಸಿ ನೋಡುತ್ತಿದ್ದರು. ಆ ಹೊತ್ತಿನಲ್ಲಿ ಯಾರು ಕರೆದರೂ ಓಗೊಡುತ್ತಿರಲಿಲ್ಲ.

ಮೂರನೆಯ ಸಲ ನಾನು ಪತ್ರಿಕೆ ಓದಲಿಲ್ಲ. ಚಿಪ್ಪಿನ ಚೂರುಗಳಿಗೆ ಹಿಂದಿನ ದಿನವೇ ತೆಳುವಾಗಿ ರಾಳ ಬಳಿದು ಒಣಗಿಸಿದ್ದೆವು. ಚಿಪ್ಪಿನ ಸೂಕ್ಷ್ಮರಂಧ್ರಗಳಲ್ಲಿರುವ ಗಾಳಿ ಹೊರಬಿದ್ದು ಗುಳ್ಳೆಯೇಳದಿರಲೆಂದು. ಬೆರೆಸಿದ ರಾಳವನ್ನು ಅಗಲವಾದ ಮೂರು ತಟ್ಟೆಗಳಿಗೆ ತೆಳುವಾಗಿ ಹಂಚಿದೆವು. ಹತ್ತು ಹತ್ತು ನಿಮಿಷಕ್ಕೊಮ್ಮೆ ಕಡ್ಡಿಯಿಂದ ಎತ್ತಿ ನೋಡುವುದು. ಮೊದಲು ನೀರಿನಂತೆ ತೊಟ್ಟಿಕ್ಕಿತು, ಆಮೇಲೆ ಹರಳೆಣ್ಣೆಯಂತೆ, ಬಹಳ ಹೊತ್ತಿನ ಮೇಲೆ ಜೇನಿನಂತೆ ನೂಲೆಳೆಯಾಗಿ ಇಳಿದು, ಬಿದ್ದ ಜಾಗದಲ್ಲಿ ಒಂದು ಕ್ಷಣ ಸುರುಳಿಯಾಗಿ ನಿಂತು ಮುಳುಗಿತು. “ಈಗ, ತಾತ” ಎಂದಳು.

ಸುರಿಯುವ ರೀತಿಯಿಂದಲೇ ಚಿತ್ರ ಹುಟ್ಟುತ್ತದೆ. ಅಚ್ಚಿನ ನಡುವೆ ಒಂದೇ ಬಿಂದುವಿನಲ್ಲಿ ಬಣ್ಣಗಳನ್ನು ಒಂದಾದ ಮೇಲೊಂದು ಸುರಿದರೆ, ಹಿಂದಿನದನ್ನು ಮುಂದಿನದು ತಳ್ಳಿಕೊಂಡು ಉಂಗುರಗಳು ಹರಡುತ್ತವೆ. ಎದುರುಬದುರು ಗೋಡೆಗಳಿಂದ ಇಳಿಬಿಟ್ಟರೆ ನಡುವೆ ಎರಡು ಅಲೆಗಳು ಕೂಡುತ್ತವೆ. ಅಚ್ಚನ್ನು ಓರೆಮಾಡಿ ಹಿಡಿದು ಪದರ ಪದರವಾಗಿ ಬಿಟ್ಟರೆ ಓರೆಯಾದ ಪಟ್ಟಿಗಳು. ಕೊನೆಗೆ ಒಂದು ಕಡ್ಡಿಯನ್ನು ಒಂದೇ ಒಂದು ಸಲ ಎಳೆದರೆ ಗೆರೆಗಳು ಗರಿಯಂತೆ ಬಾಗುತ್ತವೆ. ನಾವು ಎದುರುಬದುರಾಗಿ ಸುರಿದೆವು: ಒಂದು ಕಡೆಯಿಂದ ಕೆಂಪು, ಒಂದು ಕಡೆಯಿಂದ ಬಿಳಿ, ನಡುನಡುವೆ ಕಾಗೆಬಂಗಾರದ ಒಂದೆಳೆ. ಕಡ್ಡಿಯನ್ನು ನಾನು ಮುಟ್ಟಲಿಲ್ಲ. ಅಚ್ಚನ್ನು ಗಾಳಿಯೊತ್ತಡದ ಪಾತ್ರೆಯಲ್ಲಿಟ್ಟು, ಚದರ ಅಂಗುಲಕ್ಕೆ ನಲವತ್ತು ಪೌಂಡಿನಷ್ಟು ಒತ್ತಡ ಕೊಟ್ಟೆವು. ಒತ್ತಡ ಗುಳ್ಳೆಗಳನ್ನು ಇಲ್ಲವಾಗಿಸುವುದಿಲ್ಲ. ಸುಮಾರು ಕಾಲು ಭಾಗಕ್ಕೆ ಕುಗ್ಗಿಸುತ್ತದೆ. ರಾಳ ಅಷ್ಟರಲ್ಲಿ ಗಟ್ಟಿಯಾದರೆ ಅವು ಮತ್ತೆ ಹಿಗ್ಗಲಾರವು.

ಎರಡು ದಿನದ ಮೇಲೆ ಹೊರಬಂದದ್ದು ಒಂದು ಕುರೂಪದ ಉರುಳೆ. ಹೊರಮೈಯಲ್ಲಿ ಮೇಣದ ಮಸುಕು, ಅಲ್ಲಲ್ಲಿ ಮೊಂಡು ಕಲೆಗಳು. ಅದನ್ನು ನೋಡಿ ಚಿತ್ರವನ್ನು ಊಹಿಸಲಾಗದು. ಅಚ್ಚಿನಲ್ಲಿ ಕಂಡದ್ದು ಒಂದು, ಕಡೆದ ಮೇಲೆ ಕಾಣುವುದು ಇನ್ನೊಂದು. ಉರುಳೆ ತಿರುಗುವ ಅಕ್ಷದ ಉದ್ದಕ್ಕೂ ಮಲಗಿದ ಪದರಗಳು ಕಡೆದಾಗ ಉದ್ದಗೆರೆಗಳಾಗಿ ಉಳಿಯುತ್ತವೆ. ಅಡ್ಡ ಪದರಗಳು ಬಳೆಗಳಾಗುತ್ತವೆ. ಓರೆ ಪದರಗಳು ಮೊಟ್ಟೆಯಾಕಾರದ ಸುತ್ತುಗಳಾಗುತ್ತವೆ. ಭರಣಿಯ ಹೊಟ್ಟೆಯಂಥ ಉಬ್ಬಿದ ಕಡೆಯಲ್ಲಿ ಉಳಿ ಹಲವು ಪದರಗಳನ್ನು ದಾಟಿ ಹೋಗುವುದರಿಂದ ಅಲ್ಲಿ ಗುಡ್ಡದ ಇಳಿಜಾರಿನ ಬದುಗಳಂತೆ ಗೆರೆಯೊಳಗೆ ಗೆರೆ ಮೂಡುತ್ತದೆ.

ಚನ್ನಪಟ್ಟಣದ ಹಿರಿಯರು ಉರುಳೆಯನ್ನು ಯಂತ್ರಕ್ಕೆ ಸಿಕ್ಕಿಸಿ, ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡರು. ಮೊಮ್ಮಗಳು ಅದು ಸಾಲದೆಂದು ಸರಿಯಾದ ಮುಸುಕನ್ನೇ ಕೊಟ್ಟಳು. ಈ ರಾಳದ ದೂಳು ಮರದ ದೂಳಿನಂತಲ್ಲ, ಚಿಪ್ಪಿನ ದೂಳೂ ಶ್ವಾಸಕ್ಕೆ ಒಳ್ಳೆಯದಲ್ಲ. ಹಸಿಯ ರಾಳ ಚರ್ಮಕ್ಕೆ ತಾಗಬಾರದು, ಅದರ ಆವಿ ಮುಚ್ಚಿದ ಕೋಣೆಯಲ್ಲಿ ನಿಲ್ಲಬಾರದು. ಇದನ್ನು ಹೇಳದೆ ಬಣ್ಣದ ಸೊಗಸನ್ನು ಮಾತ್ರ ಹೇಳಿದರೆ ನಾನು ಅಪ್ರಾಮಾಣಿಕನಾಗುತ್ತೇನೆ. ಅರಗು ಮಣ್ಣಿಗೆ ಮರಳುತ್ತದೆ. ಇದು ಬಹುಕಾಲ ಮರಳದು. ಮಕ್ಕಳು ಬಾಯಿಗಿಡುವ ಆಟಿಕೆಗೆ ಅರಗಿನ ಬಣ್ಣವೇ ಸರಿ. ಉಳಿಸಿಕೊಳ್ಳಲೇಬೇಕೆಂದು ಮನಸ್ಸು ಮಾಡಿದ ವಸ್ತುವಿಗಷ್ಟೇ ಇದನ್ನು ಬಳಸಬೇಕೆಂದು ನನ್ನ ಮತ.

ಉಳಿ ತಾಗಿತು. ಮೊದಲು ಮಸುಕು ಹೋಯಿತು. ಆಮೇಲೆ ಕೆಂಪು ಬಂತು, ಕೆಂಪಿನೊಳಗೆ ಬಿಳಿ ಹೊಕ್ಕ ನಾಲಗೆ, ಅವೆರಡರ ನಡುವೆ ಮಿನುಗುವ ಎಳೆ, ಅಲ್ಲಲ್ಲಿ ಕರಿಗಂದು ಬಣ್ಣದ ಚಿಪ್ಪಿನ ಬಾಗಿದ ಚೂರುಗಳು. ನಾನು ಉಸಿರು ಬಿಗಿಹಿಡಿದಿದ್ದೆ. “ಎಲ್ಲಿ ನಿಲ್ಲಿಸಲಿ, ಹೇಳಿ” ಎಂದರು ಹಿರಿಯರು. ಇನ್ನೊಂದು ಗೆರೆ ಕಡೆದರೆ ಇನ್ನೇನೋ ಕಾಣಬಹುದು. ಈಗ ಕಂಡದ್ದು ಹೋಗುತ್ತದೆ. “ಇಲ್ಲೇ” ಎಂದೆ. ಬಾಯಂಚಿನ ಹತ್ತಿರ ಸಾಸಿವೆಯಷ್ಟು ಒಂದು ಗುಳ್ಳೆಯ ಕಲೆ ಉಳಿಯಿತು. ಅದನ್ನು ತೆಗೆಯಹೋದರೆ ಚಿಪ್ಪಿನ ಒಂದು ಚೂರೂ ಹೋಗುತ್ತಿತ್ತು. ಬಿಟ್ಟೆವು.

ಆ ವರ್ಷ ಗೌರಿ ಹಬ್ಬಕ್ಕೆ ಬಾಗಿನವನ್ನು ಯಾರ ಕೈಯಲ್ಲೂ ಕಳುಹಿಸಲಿಲ್ಲ; ನಾನೇ ತೆಗೆದುಕೊಂಡು ಹೋದೆ. ತಂಗಿ ಭರಣಿಯನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ತಿರುಗಿಸಿ ನೋಡಿದಳು. ಚಿಪ್ಪು ಯಾವ ಮರದ್ದೆಂದು ನಾನು ಹೇಳಬೇಕಾಗಲಿಲ್ಲ. ಆಮೇಲೆ ಅದರ ಅಂಚಿಗೆ ಮೆಲ್ಲನೆ ಉಗುರು ಹಾಕಿ ಕೆರೆದಳು.

“ಬರುವುದಿಲ್ಲ ಅಲ್ಲವೇನಣ್ಣ?”

“ಇಲ್ಲಮ್ಮ. ಒಳಗೂ ಅದೇ ಬಣ್ಣ.”

“ಈ ಕೆಂಪು ನಮ್ಮ ಹೊಲದ ಮಣ್ಣಿನ ಹಾಗಿದೆ.”

“ಅದೇ ಮಣ್ಣು.”

ಸ್ವಲ್ಪ ಹೊತ್ತು ಸುಮ್ಮನಿದ್ದಳು. “ಕಡಿಸುವಾಗ ನನ್ನನ್ನು ಕರೆಯಬೇಕಾಗಿತ್ತು” ಎಂದಳು. ರೋಗ, ಬೇರು, ಕಂದಕ ಎಲ್ಲವೂ ನನ್ನ ನಾಲಗೆಯ ತುದಿಗೆ ಬಂದುವು. ಅವನ್ನು ಹಿಂದಕ್ಕೆ ನುಂಗಿದೆ. “ಹೌದು, ಕರೆಯಬೇಕಾಗಿತ್ತು” ಎಂದೆ. ಎರಡು ವರ್ಷದಲ್ಲಿ ಆ ಮಾತನ್ನು ನಾನು ಆಡಿದ್ದು ಅದೇ ಮೊದಲು.

ನವರಾತ್ರಿಗೆ ಅವಳು ತವರಿಗೆ ಬಂದಳು. ಬಚ್ಚಲಿನ ಹಿಂದಿನ ಗುಂಡಿಯ ಬಳಿ ನಿಂತು, ಅಲ್ಲಿ ಏನಿಡುತ್ತೀ ಎಂದು ಕೇಳಿದಳು. ಅಣಬೆ ರೋಗ ಕಂಡ ನೆಲಕ್ಕೆ ಬಾಳೆ ಒಳ್ಳೆಯದೆಂದು ಹೇಳುತ್ತಾರೆ ಎಂದೆ. ಕಂದು ತರಲು ಸಂತೆಗೆ ಇಬ್ಬರೂ ಒಟ್ಟಿಗೆ ಹೋದೆವು.